ಪರದೆಯ ಅಮಲು, ಮನೆಯ ಮೌನ



ಮಾದಕ ವ್ಯಸನದ ಕುರಿತು ನಮ್ಮಲ್ಲಿ ಬಹುತೇಕರಿಗಿರುವ ತಿಳಿವಳಿಕೆ ಸಿನೆಮಾ ಮತ್ತು ಟಿವಿಯಿಂದ ಬಂದದ್ದು. ಪರದೆಯ ಮೇಲೆ ಅದಕ್ಕೆ ಸಾಮಾನ್ಯವಾಗಿ ಎರಡೇ ಮುಖಗಳು. ಒಂದು, ಮಹಾನಗರಗಳ ಶ್ರೀಮಂತರ ಮೋಜು. ಇನ್ನೊಂದು, ಬಿಳಿ ಪುಡಿ ಸಾಗಿಸುವ ಖಳನಾಯಕ. ಆತನ ಹೆಸರು, ಗಡ್ಡ, ಉಡುಪುಗಳು ಎಷ್ಟೋ ಬಾರಿ ಯಾವ ಸಮುದಾಯವನ್ನು ಸೂಚಿಸುತ್ತವೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಇವೆರಡೂ ನಮ್ಮೂರಿನ ಮುಖಗಳಲ್ಲ. ಆದ್ದರಿಂದ ಈ ಪಿಡುಗೂ ನಮ್ಮದಲ್ಲವೆಂದು ನಾವು ನಿಶ್ಚಿಂತರಾಗಿದ್ದೇವೆ.

ಸದುದ್ದೇಶದ ಚಿತ್ರಗಳೂ ಬಂದಿವೆ. 1971ರಲ್ಲಿ ದೇವ್ ಆನಂದ್ ನಿರ್ದೇಶಿಸಿದ 'ಹರೇ ರಾಮ ಹರೇ ಕೃಷ್ಣ', ತಂದೆತಾಯಿಯ ವಿರಸದಿಂದ ದಿಕ್ಕುತಪ್ಪಿದ ಮಗಳು ಅಮಲಿಗೆ ಬಿದ್ದು ಪ್ರಾಣ ಕಳೆದುಕೊಳ್ಳುವ ಕತೆ. ಆದರೆ ಜನಮನದಲ್ಲಿ ಉಳಿದದ್ದು ಆ ಸಾವಲ್ಲ, ಹೊಗೆಯ ನಡುವಿನ ಹಾಡು. 2016ರಲ್ಲಿ 'ಉಡ್ತಾ ಪಂಜಾಬ್' ವ್ಯಸನದ ಹಿಂದಿರುವ ರಾಜಕಾರಣವನ್ನೂ ತೋರಿಸಿತು. ಅದು ತೆರೆ ಕಾಣಲು ಬಾಂಬೆ ಹೈಕೋರ್ಟಿನ ಮೆಟ್ಟಿಲೇರಬೇಕಾಯಿತು.

ಟಿವಿ ವಾಹಿನಿಗಳ ವರ್ತನೆಯಂತೂ ಇನ್ನಷ್ಟು ಕಳವಳಕಾರಿ. 2020ರಲ್ಲಿ ಕನ್ನಡದ ಇಬ್ಬರು ನಟಿಯರ ಬಂಧನವಾದಾಗ ವಾಹಿನಿಗಳೇ ನ್ಯಾಯಾಲಯಗಳಾದವು. 2024 ಮತ್ತು 2025ರಲ್ಲಿ ಹೈಕೋರ್ಟು ಆ ಪ್ರಕರಣಗಳನ್ನು ರದ್ದುಪಡಿಸಿದಾಗ ಆ ಅಬ್ಬರವಿರಲಿಲ್ಲ. 2021ರಲ್ಲಿ ನಟ ಶಾರುಖ್ ಖಾನ್ ಪುತ್ರ ಆರ್ಯನ್ ಖಾನ್ ಮೂರು ವಾರಕ್ಕೂ ಹೆಚ್ಚು ಕಾಲ ಬಂಧನದಲ್ಲಿದ್ದರು. 2022ರ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಕಳೆದ ಮಾನವನ್ನು ಯಾವ ವಾಹಿನಿ ಹಿಂದಿರುಗಿಸೀತು?

ಈ ಗದ್ದಲದಲ್ಲಿ ಮರೆಯಾದದ್ದು ನಿಜವಾದ ವ್ಯಸನಿ. 2019ರಲ್ಲಿ ಪ್ರಕಟವಾದ ಏಮ್ಸ್ ಸಂಸ್ಥೆಯ ರಾಷ್ಟ್ರೀಯ ಸಮೀಕ್ಷೆಯು 10ರಿಂದ 17ರ ಹರೆಯದವರಲ್ಲಿ ಶೇ. 1.7ರಷ್ಟು ಮಂದಿ ಮೂಸಿ ಅಮಲೇರಿಸಿಕೊಳ್ಳುವ ವಸ್ತುಗಳನ್ನು ಬಳಸುತ್ತಾರೆಂದು ತಿಳಿಸಿತು. ವಯಸ್ಕರಲ್ಲಿ ಈ ಪ್ರಮಾಣ ಶೇ. 0.58 ಮಾತ್ರ. ವೈಟ್‌ನರ್, ಪಂಕ್ಚರ್ ಅಂಟು, ಪೆಟ್ರೋಲ್—ಇವು ಸಣ್ಣ ಊರಿನ ಅಂಗಡಿ, ಗ್ಯಾರೇಜುಗಳಲ್ಲೇ ಸಿಗುವಂಥವು. ಇವುಗಳಿಗೆ ಕಳ್ಳಸಾಗಣೆದಾರನೇ ಬೇಕಿಲ್ಲ. ಆದ್ದರಿಂದಲೇ ಸಿನೆಮಾಕ್ಕೂ ಇವು ಬೇಕಿಲ್ಲ.

ಪರದೆಯು ಹೇಳದ ಇನ್ನೊಂದು ಸತ್ಯವಿದೆ. 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಮಿನ ಪ್ರಕಾರ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿಯು ಸ್ವಇಚ್ಛೆಯಿಂದ ಸರಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ವಿನಾಯಿತಿ ಪಡೆಯಬಲ್ಲನು. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನು ಹಿಂಪಡೆಯಬಹುದು. ಸಲಹೆಗೆ 14446 ಎಂಬ ಉಚಿತ ದೂರವಾಣಿಯೂ ಇದೆ.

ಮಾನ್ಯರೇ, ಗಾಂಧೀಜಿಯ ಚಿತಾಭಸ್ಮವನ್ನಿರಿಸಿದ ಸ್ಮಾರಕವು ಇದೇ ಕೂಡ್ಲಿಗಿಯಲ್ಲಿದೆ. ಅಮಲಿನ ವಿರುದ್ಧ ಅವರು ಜೀವನವಿಡೀ ಹೋರಾಡಿದರು. ನಮ್ಮ ಮೇಲಿನ ಸುಳ್ಳು ಚಿತ್ರಣವನ್ನು ನಾವು ಖಂಡಿತ ಪ್ರತಿಭಟಿಸೋಣ. ಆದರೆ ಆ ಪ್ರತಿಭಟನೆಯು ನಮ್ಮ ಮನೆಯೊಳಗಿನ ಮೌನಕ್ಕೆ ನೆಪವಾಗದಿರಲಿ. ದಾರಿ ತಪ್ಪಿದ ಮಗನನ್ನು ಮಾನದ ಹೆಸರಲ್ಲಿ ಬಚ್ಚಿಡುವ ಮನೆ, ಅವನನ್ನು ಖಳನಾಯಕನೆನ್ನುವ ಪರದೆ—ಇವೆರಡೂ ಅವನನ್ನು ವೈದ್ಯರಿಂದ ದೂರವಿರಿಸುತ್ತವೆ. ಅವನ ಕೈಹಿಡಿದು ಆಸ್ಪತ್ರೆಗೆ ಕರೆದೊಯ್ಯುವ ಹೊಣೆ ನಮ್ಮ ನಿಮ್ಮೆಲ್ಲರದು.