ಜೋರ್ಡನ್ನಿನ ನೀರು, ನಮ್ಮ ಬಚ್ಚಲಿನ ನೀರು

(ಪ್ರಭು ಯೇಸುವಿನ ಜ್ಞಾನಸ್ನಾನದ ಹಬ್ಬದ ಪ್ರಬೋಧನೆ)



ಕ್ರಿಸ್ತಜಯಂತಿಯ ಕಾಲ ಇಂದಿನ ಹಬ್ಬದೊಂದಿಗೆ ಮುಗಿಯುತ್ತದೆ. ಗೋದಲಿಯಲ್ಲಿ ಶಿಶುವಾಗಿ ಕಂಡ ಯೇಸುಸ್ವಾಮಿ ಇಂದು ಜೋರ್ಡನ್ ನದಿಯ ದಂಡೆಗೆ ಬರುತ್ತಾರೆ. ಪಾಪವೇ ಇಲ್ಲದವರು ಪಾಪಿಗಳ ಸಾಲಿನಲ್ಲಿ ನಿಲ್ಲುತ್ತಾರೆ. ಸ್ನಾನಿಕ ಯೊವಾನ್ನರು ಹಿಂಜರಿದರೂ ಬಿಡದೆ ನೀರಿಗಿಳಿಯುತ್ತಾರೆ. ಆ ನೀರು ಅವರನ್ನು ಶುದ್ಧಗೊಳಿಸಲಿಲ್ಲ, ಅವರೇ ನೀರನ್ನು ಪವಿತ್ರಗೊಳಿಸಿದರು ಎಂದು ಧರ್ಮಸಭೆಯ ಪಿತಾಮಹರು ಕಲಿಸಿದ್ದಾರೆ.

ಆದರೆ ಆ ಜೋರ್ಡನ್ ಇಂದು ಹೇಗಿದೆ? ಗಲಿಲೇಯ ಸರೋವರದಿಂದ ಮೃತಸಮುದ್ರದವರೆಗೆ ಹಿಂದೆ ಹರಿಯುತ್ತಿದ್ದ ನೀರಿನಲ್ಲಿ ನೂರಕ್ಕೆ 90 ಪಾಲಿಗಿಂತ ಹೆಚ್ಚು ಈಗ ಇಲ್ಲ. ಸುತ್ತಲಿನ ದೇಶಗಳು ಅಣೆಕಟ್ಟು, ಕಾಲುವೆಗಳಿಂದ ಅದನ್ನು ತಿರುಗಿಸಿಕೊಂಡವು. ಉಳಿದ ಸಣ್ಣ ಹರಿವಿಗೆ ದಶಕಗಳ ಕಾಲ ಚರಂಡಿ ನೀರು, ಉಪ್ಪುನೀರು ಬಂದು ಸೇರಿದವು. ನದಿಯ ಪೂರ್ವದಂಡೆಯಲ್ಲಿ ಯೇಸು ಜ್ಞಾನಸ್ನಾನ ಪಡೆದರೆಂದು ನಂಬುವ ಸ್ಥಳವನ್ನು 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸ್ಥಳಕ್ಕೆ ಗೌರವ ಸಿಕ್ಕಿತು, ನೀರಿಗೆ ಸಿಗಲಿಲ್ಲ. ಭಕ್ತಿ ಇದ್ದ ಮಾತ್ರಕ್ಕೆ ನದಿ ಉಳಿಯುವುದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಹಾಗಾದರೆ ನದಿ ಉಳಿಯುವುದು ಹೇಗೆ? ಇದಕ್ಕೆ ನಮ್ಮ ದೇಶದಲ್ಲೇ ಒಂದು ಉತ್ತರವಿದೆ. ಪಂಜಾಬಿನಲ್ಲಿ ಕಾಲಿ ಬೇಯ್ನ್ ಎಂಬ ಸುಮಾರು 160 ಕಿಲೋಮೀಟರ್ ಉದ್ದದ ನದಿಯಿದೆ. ಸುಲ್ತಾನ್‌ಪುರ ಲೋಧಿಯಲ್ಲಿ ಗುರುನಾನಕರು ಈ ನದಿಗೆ ಸ್ನಾನಕ್ಕಿಳಿದು, ಮೂರು ದಿನಗಳ ಬಳಿಕ ಹೊರಬಂದು ತಮ್ಮ ಬೋಧನೆಯನ್ನು ಆರಂಭಿಸಿದರು ಎಂಬುದು ಸಿಖ್ಖರ ನಂಬಿಕೆ. ಅಂಥ ಪೂಜ್ಯ ನದಿಗೇ ದಂಡೆಯ ಊರುಗಳು ಚರಂಡಿ ಬಿಟ್ಟವು, ಕಸ ಸುರಿದವು. ಕೊಳಕಿನಿಂದ ಕೊಬ್ಬಿದ ಅಂತರಗಂಗೆ ನೀರನ್ನೆಲ್ಲ ಮುಚ್ಚಿತು. ಎಷ್ಟೋ ಕಡೆ ನದಿ ಇದೆಯೆಂದೇ ತಿಳಿಯದಂತಾಯಿತು.

2000ದಲ್ಲಿ ಬಾಬಾ ಬಲ್ಬೀರ್ ಸಿಂಗ್ ಸೀಚೇವಾಲ್ ಎಂಬ ಸಂತರು ಬೆರಳೆಣಿಕೆಯ ಸಂಗಡಿಗರೊಂದಿಗೆ ಆ ನೀರಿಗಿಳಿದರು. ಕೈಯಿಂದಲೇ ಕಳೆ ಕಿತ್ತರು, ಹೂಳೆತ್ತಿದರು. ಅವರನ್ನು ನೋಡಿ ಹಳ್ಳಿಹಳ್ಳಿಯ ಜನ ಗುದ್ದಲಿ, ಬುಟ್ಟಿ ಹಿಡಿದು ಬಂದರು. ಊಟವನ್ನೂ ಜನರೇ ತಂದರು. ಆದರೆ ಎಷ್ಟು ಕಿತ್ತರೂ ಚರಂಡಿಗಳು ಹರಿಯುತ್ತಲೇ ಇದ್ದರೆ ಏನು ಪ್ರಯೋಜನ? ಆದ್ದರಿಂದ ಊರಿನ ಕೊಳಚೆ ನೀರನ್ನು ಕೊಳವೆಗಳಲ್ಲಿ ಕೊಂಡೊಯ್ದು, ಗುಂಡಿಗಳಲ್ಲಿ ತಿಳಿಗೊಳಿಸಿ, ಕೊಳದಲ್ಲಿ ನಿಲ್ಲಿಸಿ, ಹೊಲಗಳಿಗೆ ಹಾಯಿಸುವ ವ್ಯವಸ್ಥೆ ಮಾಡಿದರು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರೇ ಬಂದು ಇದನ್ನು ಕಂಡರು. 2017ರಲ್ಲಿ ಸೀಚೇವಾಲರಿಗೆ ಪದ್ಮಶ್ರೀ ಸಂದಿತು. ಈ ಕೆಲಸ ನಮಗೆ ಕಲಿಸುವುದಿಷ್ಟೆ: ನದಿಯನ್ನು ನದಿಯಲ್ಲಿ ಮಾತ್ರ ತೊಳೆಯಲಾಗದು, ಮನೆಯ ಬಾಗಿಲಿನಿಂದಲೇ ತೊಳೆಯುತ್ತಾ ಬರಬೇಕು.

ಈಗ ನಮ್ಮ ನಾಡಿಗೆ ಬರೋಣ. ಬೆಂಗಳೂರು ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯ ನೀರನ್ನು ಎತ್ತಿ ತಂದು ಕುಡಿಯುತ್ತದೆ. ನಗರದ ಬಚ್ಚಲು, ಶೌಚಾಲಯ, ಕಾರ್ಖಾನೆಗಳಿಂದ ಹೊರಬಿದ್ದ ನೀರಿನ ಒಂದು ದೊಡ್ಡ ಪಾಲು ವೃಷಭಾವತಿಗೆ ಇಳಿಯುತ್ತದೆ. ವೃಷಭಾವತಿ ಅರ್ಕಾವತಿಯನ್ನೂ, ಅರ್ಕಾವತಿ ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಯನ್ನೂ ಸೇರುತ್ತವೆ. ತಾಯಿ ಕೊಟ್ಟ ಹಾಲನ್ನು ಕುಡಿದು ಅವಳ ಮಡಿಲಿಗೇ ಕೊಳೆ ಎಸೆದಂತೆ! ಇದು ಬೆಂಗಳೂರೊಂದರ ಕಥೆಯಲ್ಲ. ನಮ್ಮ ಊರಿನ ಹಳ್ಳವೂ ಯಾವುದೋ ಹೊಳೆಗೆ ಸೇರುತ್ತದೆ, ಆ ಹೊಳೆಯ ದಂಡೆಯಲ್ಲಿ ಯಾರದೋ ಮಗು ನೀರು ಕುಡಿಯುತ್ತದೆ. ನಮ್ಮ ನೆರೆಯವರು ಯಾರು ಎಂಬ ಪ್ರಶ್ನೆಗೆ ಯೇಸು ದಾರಿಬದಿಯಲ್ಲಿ ಗಾಯಗೊಂಡು ಬಿದ್ದವನನ್ನು ತೋರಿಸಿದರು. ಇಂದು ಅದೇ ಪ್ರಶ್ನೆಗೆ ಹೊಳೆಯ ಕೆಳದಂಡೆಯವರೂ ಉತ್ತರವಾಗಿದ್ದಾರೆ. ಅವರ ಮುಖವನ್ನು ನಾವು ನೋಡಿಲ್ಲ, ನಮ್ಮ ಕೊಳೆಯನ್ನು ಅವರು ದಿನವೂ ನೋಡುತ್ತಿದ್ದಾರೆ.

ಈ ವಾರ ನಾವು ಗೋದಲಿಗಳನ್ನು ಬಿಚ್ಚುತ್ತೇವೆ. ಥರ್ಮೋಕೋಲ್ ಬೆಟ್ಟಗಳು, ಮಿರುಗುವ ಕಾಗದ, ಹರಿದ ನಕ್ಷತ್ರ, ಕೆಟ್ಟುಹೋದ ಸೀರಿಯಲ್ ದೀಪ, ಕೇಕಿನ ಡಬ್ಬಿಗಳು ಎಲ್ಲಿಗೆ ಹೋಗುತ್ತವೆ? ಪ್ರಭುವಿನ ಜನನಕ್ಕೆ ಶೃಂಗರಿಸಿದ್ದು ಮೋರಿಯಲ್ಲಿ ಕಟ್ಟಿಕೊಂಡರೆ ಅದು ಯಾವ ಸಾಕ್ಷ್ಯ? ಥರ್ಮೋಕೋಲನ್ನೂ ನಕ್ಷತ್ರವನ್ನೂ ಜೋಪಾನವಾಗಿ ಎತ್ತಿಟ್ಟು ಮುಂದಿನ ವರ್ಷ ಬಳಸೋಣ. ಗೋದಲಿಗೆಂದು ಬೆಳೆಸಿದ ರಾಗಿ ಪೈರನ್ನು ದನಕ್ಕೋ ಗೊಬ್ಬರದ ಗುಂಡಿಗೋ ಹಾಕೋಣ.

ಕಸವನ್ನು ಹಸಿ, ಒಣ, ಅಪಾಯಕಾರಿ ಎಂದು ಮನೆಯಲ್ಲೇ ಬೇರ್ಪಡಿಸಬೇಕೆಂದು ಸರ್ಕಾರದ ನಿಯಮ 2016ರಲ್ಲೇ ಹೇಳಿತು. ನಿಯಮ ಇರಲಿ, ಪ್ರೀತಿ ಏನು ಹೇಳುತ್ತದೆ? ನಾವು ಬೆರೆಸಿ ಕಟ್ಟಿದ ಚೀಲವನ್ನು ಮತ್ತೊಬ್ಬರು ಕೈಯಿಂದ ಬಿಡಿಸಬೇಕು. ಹಳಸಿದ ಅನ್ನದ ನಡುವೆ ಒಡೆದ ಗಾಜು, ಬ್ಲೇಡು, ಮಗುವಿನ ಡೈಪರ್ ಅವರ ಕೈಗೆ ತಗಲುತ್ತವೆ. ಆ ಪೌರಕಾರ್ಮಿಕರೂ ದೇವರ ಪ್ರತಿರೂಪವೇ. ಬೇರ್ಪಡಿಸಿದ ಹಸಿ ಕಸಕ್ಕೆ ಒಣ ಎಲೆ ಬೆರೆಸಿ ಮುಚ್ಚಿಟ್ಟರೆ ಕೆಲವು ತಿಂಗಳಲ್ಲಿ ಅದು ಗಿಡಕ್ಕೆ ಗೊಬ್ಬರ. ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯದಿರೋಣ, ಅವಧಿ ಮುಗಿದ ಮಾತ್ರೆಗಳನ್ನು ಶೌಚಾಲಯಕ್ಕೆ ಹಾಕದಿರೋಣ. ಧರ್ಮಕೇಂದ್ರದ ಹಬ್ಬದೂಟಕ್ಕೆ ಬಾಳೆಲೆ, ಸ್ಟೀಲಿನ ಲೋಟ ಮರಳಿ ಬರಲಿ. ತೊಳೆಯಲು ಕೈಗಳು ಬೇಕೆ? ಸೇವೆ ಎಂದರೆ ಅದೇ ಅಲ್ಲವೇ?

ಇವೆಲ್ಲ ಚಿಕ್ಕ ಕೆಲಸಗಳು, ಇವುಗಳಿಂದ ನದಿ ಉಳಿದೀತೇ ಎಂದು ನಮಗೆ ಅನಿಸಬಹುದು. ಜಗದ್ಗುರು ಫ್ರಾನ್ಸಿಸ್‌ರವರು 2015ರ ತಮ್ಮ ವಿಶ್ವಪತ್ರ ‘ಲೌದಾತೊ ಸೀ’ಯಲ್ಲಿ ಕಸ ಬೇರ್ಪಡಿಸುವಂಥ ದಿನನಿತ್ಯದ ಕೆಲಸಗಳನ್ನೇ ಹೆಸರಿಸಿ, ಅವು ಲೋಕವನ್ನು ಬದಲಿಸಲಾರವು ಎಂದು ಭಾವಿಸಬೇಡಿ ಎಂದು ನಮಗೆ ಧೈರ್ಯ ತುಂಬಿದರು. ಕಾರ್ಖಾನೆಗಳನ್ನೂ ಆಡಳಿತವನ್ನೂ ನಾವು ಪ್ರಶ್ನಿಸಲೇಬೇಕು. ನಮ್ಮ ಮನೆಯ ಚರಂಡಿ ಸರಿಯಾದಾಗ ಆ ಪ್ರಶ್ನೆಗೆ ಬಲ ಬರುತ್ತದೆ.

ಪ್ರಿಯರೇ, ನಮ್ಮೆಲ್ಲರ ತಲೆಯ ಮೇಲೆ ಒಂದು ದಿನ ನೀರು ಸುರಿಯಲಾಯಿತು. ಆ ನೀರಿನಿಂದಲೇ ನಾವು ದೇವರ ಮಕ್ಕಳಾದೆವು. ಇಂದು ದೇವಾಲಯದಿಂದ ಹೊರಡುವಾಗ ತೀರ್ಥಕ್ಕೆ ಬೆರಳದ್ದಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತೇವೆ. ಅದೇ ಕೈ ಮನೆಗೆ ಹೋಗಿ ಕಸದ ಚೀಲವನ್ನು ಹಿಡಿಯುತ್ತದೆ. ಆ ಎರಡೂ ಕೆಲಸಗಳನ್ನು ಒಂದೇ ಭಕ್ತಿಯಿಂದ ಮಾಡುವ ವರವನ್ನು, ಜೋರ್ಡನ್ನಿನ ನೀರಿಗಿಳಿದ ಪ್ರಭು ನಮಗೆಲ್ಲರಿಗೂ ದಯಪಾಲಿಸಲಿ. ಆಮೆನ್.