ನಮ್ಮ ಕಥೆ ಮನೆಯಿಂದಲೇ ಶುರುವಾಗುತ್ತದೆ
(ಮಹಿಳಾ ಸಂಘಗಳ ಸದಸ್ಯೆಯರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ವರದಕ್ಷಿಣೆ ಮತ್ತು ಕುಟುಂಬದೊಳಗಿನ ಹಿಂಸೆಯ ಬಗ್ಗೆ ಮಾತಾಡುವ ಈ ವೇದಿಕೆಗೆ ನನ್ನನ್ನು ಕರೆದು, ಸಿನಿಮಾ ಬಗ್ಗೆ ಹೇಳಿ ಎಂದಿದ್ದೀರಿ. ಇದಕ್ಕೂ ಅದಕ್ಕೂ ಏನು ಸಂಬಂಧ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ಸಂಬಂಧ ಇದೆ. ಅದನ್ನು ನಿಮ್ಮ ಮುಂದೆ ಇಡುವುದೇ ನನ್ನ ಮಾತಿನ ಉದ್ದೇಶ.

ನಾನು ಗಂಡುಮಗುವೆಂದು ಹೆಸರಿಟ್ಟು ಬೆಳೆಸಿದ ಮನೆಯಿಂದ ಬಂದು, ಹೆಣ್ಣಾಗಿ ಬದುಕುತ್ತಿರುವವಳು. ನಮ್ಮಂಥವರಿಗೆ ಊರಿಗೊಂದು ಹೆಸರು. ಉತ್ತರ ಕರ್ನಾಟಕದ ಕಡೆ ಜೋಗಪ್ಪ, ಜೋಗತಿ. ಪಟ್ಟಣಗಳಲ್ಲಿ ಹಿಜಡಾ. ಪತ್ರಿಕೆಯವರು ಮಂಗಳಮುಖಿ ಎನ್ನುತ್ತಾರೆ, ಸರ್ಕಾರದ ಕಾಗದದಲ್ಲಿ ತೃತೀಯ ಲಿಂಗಿ ಅಥವಾ ಟ್ರಾನ್ಸ್‌ಜೆಂಡರ್ ಎಂದಿರುತ್ತದೆ. ಬಯ್ಯಲು ಬಳಸುವ ಹೆಸರುಗಳನ್ನು ನಾನು ಹೇಳಬೇಕಾಗಿಲ್ಲ. ಅವು ಎಲ್ಲರಿಗೂ ಗೊತ್ತು. ಅವುಗಳನ್ನು ಊರೂರಿಗೆ ಹಂಚಿದ್ದರಲ್ಲಿ ಸಿನಿಮಾದ ಪಾಲೂ ಇದೆ.

ನಾವೂ ಸಿನಿಮಾ ನೋಡುತ್ತೇವೆ. ಬಹಳ ಇಷ್ಟಪಟ್ಟು ನೋಡುತ್ತೇವೆ. ಮನೆಯಲ್ಲಿ ಜಾಗವಿಲ್ಲದವರಿಗೆ ಕತ್ತಲ ಟಾಕೀಸಿನಲ್ಲಿ ಎರಡೂವರೆ ಗಂಟೆ ಕುಳಿತಿರುವುದೇ ಒಂದು ನೆಮ್ಮದಿ. ಆದರೆ ನಮ್ಮಂಥ ಪಾತ್ರ ತೆರೆಯ ಮೇಲೆ ಬಂದ ಕೂಡಲೇ ಆ ನೆಮ್ಮದಿ ಹೋಗುತ್ತದೆ. ಚಪ್ಪಾಳೆ ತಟ್ಟುತ್ತಾ ಸೀರೆ ಉಟ್ಟ ಗಂಡಸೊಬ್ಬ ಬರುತ್ತಾನೆ. ನಾಯಕ ಅವನನ್ನು ನೋಡಿ ಹೆದರಿದಂತೆ ನಟಿಸುತ್ತಾನೆ. ಟಾಕೀಸಿಗೆ ಟಾಕೀಸೇ ನಗುತ್ತದೆ. ಆಗ ನಾವು ತಲೆ ತಗ್ಗಿಸಿ ಕುಳಿತಿರುತ್ತೇವೆ, ಯಾಕೆಂದರೆ ದೀಪ ಹತ್ತಿದ ಮೇಲೆ ಅದೇ ನಗು ನಮ್ಮ ಬೆನ್ನ ಹಿಂದೆ ಬಸ್ ನಿಲ್ದಾಣದವರೆಗೂ ಬರುತ್ತದೆಂದು ನಮಗೆ ಗೊತ್ತು.

ಇದು ನಿಮಗೆ ತಿಳಿಯದ ಅನುಭವವೇನಲ್ಲ. ನಾಯಕಿಯನ್ನು ಅಡ್ಡಗಟ್ಟಿ ಚುಡಾಯಿಸುವುದನ್ನೇ ಪ್ರೇಮವೆಂದು ತೋರಿಸುವ ಚಿತ್ರಗಳನ್ನು, ಗಂಡನ ಏಟು ತಿಂದೂ ಅವನ ಕಾಲಿಗೆ ಬೀಳುವ ಸತಿಯನ್ನು ಹೊಗಳುವ ಚಿತ್ರಗಳನ್ನು ನೀವೂ ಪ್ರಶ್ನಿಸಿದ್ದೀರಿ. ತೆರೆಯ ಮೇಲೆ ನಡೆಯುವುದು ಅಲ್ಲಿಗೇ ಮುಗಿಯುವುದಿಲ್ಲ, ಅದು ಮನೆಗೆ ಬರುತ್ತದೆ ಎಂದು ಮಹಿಳಾ ಚಳವಳಿ ಎಷ್ಟೋ ವರ್ಷಗಳಿಂದ ಹೇಳುತ್ತಿದೆ. ನಾವು ಹೇಳುವುದೂ ಅದನ್ನೇ.

1991ರಲ್ಲಿ 'ಸಡಕ್' ಎಂಬ ಹಿಂದಿ ಚಿತ್ರ ಬಂತು. ಅದರಲ್ಲಿ ಮಹಾರಾಣಿ ಎಂಬ ಹಿಜಡಾ ಪಾತ್ರ. ಹೆಣ್ಣುಮಕ್ಕಳನ್ನು ಕೂಡಿಹಾಕಿ ದಂಧೆ ನಡೆಸುವ ಕ್ರೂರಿ. ಸದಾಶಿವ ಅಮ್ರಾಪುರ್ಕರ್ ಎಂಬ ಒಳ್ಳೆಯ ನಟ ಅದನ್ನು ಮಾಡಿ, ಖಳಪಾತ್ರಕ್ಕಾಗಿ ಫಿಲ್ಮ್‌ಫೇರ್ ಪ್ರಶಸ್ತಿಯನ್ನೂ ಪಡೆದರು. 2000ದಲ್ಲಿ 'ಅಪ್ಪು' ಎಂಬ ತಮಿಳು ಚಿತ್ರದಲ್ಲಿ ಅಂಥದೇ ಪಾತ್ರವನ್ನು ನಮ್ಮ ಪ್ರಕಾಶ್ ರೈ ಮಾಡಿದರು. ನಟನೆಯ ಬಗ್ಗೆ ನಮ್ಮ ತಕರಾರಿಲ್ಲ. ಹೆಂಗಸರಲ್ಲಿ ಕೆಟ್ಟವರಿರುವಂತೆ ನಮ್ಮಲ್ಲೂ ಇರಬಹುದು. ಆದರೆ ಊರಿನ ಜನರಿಗೆ ನಮ್ಮ ಬಗ್ಗೆ ತಿಳಿದಿರುವುದು ತೆರೆಯ ಮೇಲಿನ ಒಂದೆರಡು ಪಾತ್ರಗಳಷ್ಟೇ ಆಗಿ, ಅವೂ ಖಳರೇ ಆದರೆ, ನಮಗೆ ಬಾಡಿಗೆ ಮನೆ ಕೊಡುವವರು ಯಾರು?

ಒಳ್ಳೆಯ ಮನಸ್ಸಿನಿಂದ ಮಾಡಿದ ಚಿತ್ರಗಳೂ ಇವೆ. 1995ರ 'ಬಾಂಬೆ'ಯಲ್ಲಿ ಕೋಮುಗಲಭೆಯ ನಡುವೆ ತಪ್ಪಿಸಿಕೊಂಡ ಮಗುವನ್ನು ಕಾಪಾಡುವವಳು ಒಬ್ಬ ಹಿಜಡಾ. 1997ರ 'ತಮನ್ನಾ' ಚಿತ್ರವನ್ನು ನೀವು ಅವಶ್ಯ ನೋಡಬೇಕು. ಹೆಣ್ಣಾಗಿ ಹುಟ್ಟಿದ ಒಂದೇ ಕಾರಣಕ್ಕೆ ದೊಡ್ಡ ಮನೆಯವನೊಬ್ಬ ತನ್ನ ಕೂಸನ್ನು ಎಸೆಯಿಸುತ್ತಾನೆ. ಆ ಕೂಸನ್ನು ಎತ್ತಿಕೊಂಡು ಬೆಳೆಸುವವರು ಟಿಕ್ಕು ಎಂಬ ಹಿಜಡಾ. ಪರೇಶ್ ರಾವಲ್ ಆ ಪಾತ್ರ ಮಾಡಿದ್ದಾರೆ. ಗಂಡಾಗಲಿಲ್ಲವೆಂದು ಕೂಸನ್ನು ಬಿಸಾಡುವ ಮನೆಯೂ, ಗಂಡಿನಂತೆ ಇರಲಿಲ್ಲವೆಂದು ನಮ್ಮನ್ನು ಹೊರಹಾಕುವ ಮನೆಯೂ ಬೇರೆ ಬೇರೆಯಲ್ಲ ಎಂದು ಆ ಚಿತ್ರ ನೋಡಿದಾಗ ನನಗೆ ಅನ್ನಿಸಿತು. ಎರಡು ಕಡೆಯೂ ಬೇಕಾಗಿರುವುದು ವಂಶ ಬೆಳೆಸುವ ಗಂಡು ಮಾತ್ರ.

ಆದರೂ ನಮ್ಮವರಲ್ಲಿ ಒಂದು ಅಸಮಾಧಾನ ಉಳಿಯುತ್ತದೆ. ಸಿನಿಮಾದಲ್ಲಿ ನಾವು ಒಂದೋ ರಾಕ್ಷಸಿಯರು, ಇಲ್ಲವೇ ತ್ಯಾಗಮಯಿಗಳು. ಹಾಲು ತರಲು ಹೋಗುವ, ಸಾಲದ ಕಂತು ಕಟ್ಟುವ, ನೆರೆಯವಳ ಜೊತೆ ಜಗಳವಾಡಿ ಮತ್ತೆ ಮಾತಾಡುವ ಸಾಮಾನ್ಯ ಮನುಷ್ಯರಾಗಿ ನಾವು ಎಷ್ಟು ಚಿತ್ರಗಳಲ್ಲಿ ಕಾಣಿಸುತ್ತೇವೆ?

ಇನ್ನು ನಮ್ಮ ಕನ್ನಡದ 'ನಾನು ಅವನಲ್ಲ ಅವಳು'. 2015ರಲ್ಲಿ ಬಿಡುಗಡೆಯಾದ ಈ ಚಿತ್ರವನ್ನು ಬಿ.ಎಸ್. ಲಿಂಗದೇವರು ನಿರ್ದೇಶಿಸಿದರು. ತಮಿಳುನಾಡಿನ ಲಿವಿಂಗ್ ಸ್ಮೈಲ್ ವಿದ್ಯಾ ಬರೆದ ಆತ್ಮಕಥೆ ಇದರ ಆಧಾರ. ವಿದ್ಯಾ ಎಂ.ಎ. ಓದಿದವರು. ಅಷ್ಟು ಓದಿಯೂ ರೈಲಿನಲ್ಲಿ ಕೈ ಚಾಚಬೇಕಾಯಿತು. ಮಾದೇಶ ವಿದ್ಯಾ ಆಗುವ ಪಾತ್ರವನ್ನು ಮಾಡಿದ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. 2021ರಲ್ಲಿ ಅಪಘಾತದಲ್ಲಿ ಅವರು ತೀರಿಕೊಂಡಾಗ ನಮ್ಮವರು ಮನೆಯವರನ್ನೇ ಕಳೆದುಕೊಂಡಂತೆ ಅತ್ತಿದ್ದಾರೆ.

ಈ ಚಿತ್ರವನ್ನು ನಾವು ಕೆಲವರು ಒಟ್ಟಿಗೆ ಕುಳಿತು ನೋಡಿ ಚರ್ಚೆ ಮಾಡಿದೆವು. ಎಲ್ಲರಿಗೂ ಒಂದೇ ಥರ ಅನ್ನಿಸಲಿಲ್ಲ. ನಮ್ಮ ಭಾಷೆಯಲ್ಲಿ, ನಗಿಸುವುದಕ್ಕಲ್ಲದೆ ನಮ್ಮ ಕಥೆ ಹೇಳಿದ್ದಾರಲ್ಲ ಎಂದು ಹಿರಿಯರೊಬ್ಬರು ಕಣ್ಣೊರೆಸಿಕೊಂಡರು. ಇನ್ನೊಬ್ಬಳು ಸಿಟ್ಟಾಗಿದ್ದಳು. ನಮ್ಮ ಕಥೆ ಎಂದರೆ ಭಿಕ್ಷೆ ಮತ್ತು ಆಪರೇಷನ್ ಇವೆರಡೇನಾ, ಜನ ಹೊರಗೆ ಬಂದು ನನ್ನನ್ನು ಕೇಳುವುದೂ ಅದನ್ನೇ ಎಂಬುದು ಅವಳ ಮಾತು. ಮೂರನೆಯವಳು, ನಮ್ಮಲ್ಲಿ ನಟಿಸುವವರು ಇಲ್ಲವೇ, ಯಾಕೆ ಗಂಡಸೇ ಬೇಕಾಯಿತು ಎಂದಳು. ಅದಕ್ಕೆ ಹಿರಿಯರು, ವಿಜಯ್ ನಮ್ಮನ್ನು ಅಣಕಿಸಲಿಲ್ಲ, ಅರ್ಥಮಾಡಿಕೊಂಡು ಮಾಡಿದರು ಎಂದರು. ನನಗೆ ಇಬ್ಬರ ಮಾತಿನಲ್ಲೂ ನ್ಯಾಯ ಕಂಡಿತು. ಒಬ್ಬ ನಟ ಗೌರವದಿಂದ ಮಾಡಿದ್ದಕ್ಕೆ ನಾವು ಕೃತಜ್ಞರು. ಆದರೆ ನಮ್ಮ ಪಾತ್ರ ಮಾಡಿ ಬೇರೆಯವರು ಪ್ರಶಸ್ತಿ ಪಡೆಯುತ್ತಿರುವಾಗ, ನಮ್ಮಲ್ಲೊಬ್ಬಳಿಗೆ ಕೆಲಸವೇ ಸಿಗದಿದ್ದರೆ ಅದು ಕೂಲಿಯ ಪ್ರಶ್ನೆ. ಕೂಲಿಯ ಪ್ರಶ್ನೆ ಸಂಘದವರಿಗೆ ಚೆನ್ನಾಗಿ ಗೊತ್ತು.

ನಮ್ಮವರೇ ನಟಿಸಿದರೆ ಎಲ್ಲ ಸರಿಹೋಗುತ್ತದೆ ಎಂದೂ ಅಲ್ಲ. 2015ರಲ್ಲೇ ಬಂದ 'ಐ' ಎಂಬ ತಮಿಳು ಚಿತ್ರದಲ್ಲಿ ಟ್ರಾನ್ಸ್ ಮಹಿಳೆಯೇ ಆದ ಓಜಸ್ ರಜಾನಿ ನಟಿಸಿದ್ದರು. ಆದರೆ ಆ ಪಾತ್ರವನ್ನು ಹೀಯಾಳಿಸಿ ಬರೆಯಲಾಗಿತ್ತು. ಚೆನ್ನೈಯಲ್ಲಿ ನಮ್ಮ ಸಮುದಾಯದವರು ಸೆನ್ಸಾರ್ ಕಚೇರಿಯ ಮುಂದೆ ಪ್ರತಿಭಟನೆ ಮಾಡಿದರು. 2019ರಲ್ಲಿ ತೆರೆಕಂಡ 'ಪೇರನ್ಬು' ಚಿತ್ರದಲ್ಲಿ ಅಂಜಲಿ ಅಮೀರ್ ಎಂಬ ಟ್ರಾನ್ಸ್ ಮಹಿಳೆ, ಮಮ್ಮೂಟ್ಟಿಯವರ ಪಾತ್ರಕ್ಕೆ ಬಾಳಿನ ಜೊತೆಗಾತಿಯಾಗುವ ಮೀರಾ ಆಗಿ ನಟಿಸಿದರು. ನಾವು ಅದನ್ನು ನೋಡಿ ಹಿಗ್ಗಿದೆವು. ಯಾರು ನಟಿಸುತ್ತಾರೆ ಎಂಬುದರ ಜೊತೆಗೆ ಯಾರು ಬರೆಯುತ್ತಾರೆ, ಯಾವ ಕಣ್ಣಿನಿಂದ ನೋಡುತ್ತಾರೆ ಎಂಬುದೂ ಮುಖ್ಯ.

ಅದೇ 2019ರಲ್ಲಿ 'ಸೂಪರ್ ಡೀಲಕ್ಸ್' ಬಂತು. ವಿಜಯ್ ಸೇತುಪತಿ ಶಿಲ್ಪಾ ಎಂಬ ಟ್ರಾನ್ಸ್ ಮಹಿಳೆ. ಹೆಂಡತಿ, ಮಗನನ್ನು ಬಿಟ್ಟುಹೋದ ಗಂಡ ವರ್ಷಗಳ ನಂತರ ಸೀರೆ ಉಟ್ಟು ಮನೆಗೆ ಬರುತ್ತಾಳೆ. ಮಗ ಯಾವ ಸಂಕೋಚವೂ ಇಲ್ಲದೆ ಅವಳನ್ನು ಒಪ್ಪಿಕೊಳ್ಳುತ್ತಾನೆ. ಆ ದೃಶ್ಯಗಳನ್ನು ನಮ್ಮವರು ಮೆಚ್ಚಿದರು. ಆದರೆ ಶಿಲ್ಪಾ ಹಿಂದೆ ಮಕ್ಕಳ ಕಳ್ಳತನದಲ್ಲಿ ಪಾಲ್ಗೊಂಡಿದ್ದಳೆಂದು ಕಥೆ ಹೇಳುತ್ತದೆ. ಇದಕ್ಕೆ ಸಮುದಾಯದಿಂದ ಬಲವಾದ ಆಕ್ಷೇಪ ಬಂತು. ಕಥೆ ತಾನೇ, ಅಷ್ಟಕ್ಕೇಕೆ ಕೋಪ ಎನ್ನಬಹುದು. 2018ರ ಮೇ ತಿಂಗಳಲ್ಲಿ ಹೈದರಾಬಾದಿನಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ಗಾಳಿಸುದ್ದಿಯನ್ನು ನಂಬಿ ಜನರ ಗುಂಪು ನಮ್ಮಂಥ ಒಬ್ಬಳನ್ನು ಹೊಡೆದು ಕೊಂದಿತು. ಅವಳು ಯಾವ ಮಗುವನ್ನೂ ಕದ್ದಿರಲಿಲ್ಲ. ಅದಾದ ಮರುವರ್ಷವೇ ತೆರೆಯ ಮೇಲೆ ಆ ಮಾತು ಕೇಳಿದರೆ ನಮಗೆ ಅದು ಬರೀ ಕಥೆಯಾಗಿ ಕೇಳಿಸುವುದಿಲ್ಲ.

ಈಗ ನಿಮಗೂ ನಮಗೂ ಸೇರಿದ ಮಾತಿಗೆ ಬರುತ್ತೇನೆ.

ಹೆಚ್ಚಿನ ಚಿತ್ರಗಳು ನಮ್ಮನ್ನು ಮೊದಲು ನೋಡುವುದು ಬೀದಿಯಲ್ಲಿ. ಸಿಗ್ನಲ್ಲಿನಲ್ಲಿ, ರೈಲಿನಲ್ಲಿ, ಕೆಂಪು ದೀಪದ ಓಣಿಯಲ್ಲಿ. ಬೀದಿಗೆ ಬರುವ ಮುಂಚೆ ನಾವೆಲ್ಲ ಒಂದು ಮನೆಯಲ್ಲಿದ್ದೆವು. ಅಕ್ಕನ ಲಂಗ ಉಟ್ಟಿದ್ದಕ್ಕೆ, ನಡೆಯುವ ರೀತಿಗೆ, ಬಳೆ ಹಾಕಿಕೊಂಡದ್ದಕ್ಕೆ ಅಲ್ಲಿ ಏಟು ತಿಂದೆವು. ಹೊಡೆದವರು ಯಾರೋ ಹೊರಗಿನ ರೌಡಿಗಳಲ್ಲ. ಅಪ್ಪ, ಅಣ್ಣ, ಮಾವ. ಎ. ರೇವತಿಯವರು ತಮ್ಮ ಆತ್ಮಕಥೆಯಲ್ಲಿ ಒಡಹುಟ್ಟಿದವರೇ ಕ್ರಿಕೆಟ್ ಬ್ಯಾಟಿನಿಂದ ಬಡಿದದ್ದನ್ನು, ಬೆಳೆಸಿದ ಕೂದಲನ್ನು ಬೋಳಿಸಿದ್ದನ್ನು ಬರೆದಿದ್ದಾರೆ. ದು. ಸರಸ್ವತಿಯವರು ಅದನ್ನು 'ಬದುಕು ಬಯಲು' ಎಂದು ಕನ್ನಡಕ್ಕೆ ತಂದರು. ಅದು ನಾಟಕವೂ ಆಯಿತು. ರೇವತಿಯವರೇ ರಂಗದ ಮೇಲೆ ಬಂದರು. ತನ್ನ ಕಥೆಯನ್ನು ತಾನೇ ಹೇಳುವವಳ ಮುಂದೆ ಕುಳಿತಾಗ ಯಾರೂ ನಗುವುದಿಲ್ಲ.

ಮನೆಯಲ್ಲಿ ಏಟಿನ ನಂತರ ಬರುವ ಇನ್ನೊಂದು ಔಷಧಿ ಇದೆ. ಮದುವೆ. ಹುಡುಗಿಯೊಬ್ಬಳು ಬಂದರೆ ಇವನು ಸರಿಹೋಗುತ್ತಾನೆ ಎನ್ನುತ್ತಾರೆ. ಹೆಣ್ಣಿನ ಕಡೆಯವರಿಗೆ ಒಂದು ಮಾತೂ ತಿಳಿಸದೆ ಮದುವೆ ಮಾಡುತ್ತಾರೆ. ವರದಕ್ಷಿಣೆಯನ್ನೂ ಬಿಡುವುದಿಲ್ಲ. ಆ ಹುಡುಗಿಯ ಗತಿ ಏನು ಯೋಚಿಸಿ. ಗಂಡ ಹತ್ತಿರ ಬರುವುದಿಲ್ಲ. ತಪ್ಪು ಅವಳದೇ ಎನ್ನುತ್ತಾರೆ. ಮಗುವಾಗಲಿಲ್ಲವೆಂದು ಅತ್ತೆ ಹಂಗಿಸುತ್ತಾಳೆ. ಒಂದು ದಿನ ಗಂಡ ಮನೆ ಬಿಟ್ಟು ಹೋದರೆ, ಕಾಲ್ಗುಣದ ಮಾತು ಬರುತ್ತದೆ. ನಮ್ಮವರಲ್ಲಿ ಎಷ್ಟೋ ಮಂದಿ ಹೀಗೆ ಬಲವಂತಕ್ಕೆ ತಾಳಿ ಕಟ್ಟಿದವರು. ನಿಮ್ಮ ಸಂಘಗಳಲ್ಲಿ, ಗಂಡ ಬಿಟ್ಟು ಹೋದವಳು ಎಂದು ಹೆಸರು ಬರೆಸಿರುವವರಲ್ಲಿ ಕೆಲವರಾದರೂ ಅಂಥ ಹೆಂಡತಿಯರಾಗಿರಬಹುದು. 'ಸೂಪರ್ ಡೀಲಕ್ಸ್'ನ ಶಿಲ್ಪಾಳ ಹೆಂಡತಿ ಹಾಗೆಯೇ ವರ್ಷಗಟ್ಟಲೆ ಕಾದವಳು. ಅವಳನ್ನೂ ಶಿಲ್ಪಾಳನ್ನೂ ಆ ಸ್ಥಿತಿಗೆ ತಂದ ಮದುವೆ ಹೇಗೆ ನಡೆಯಿತು ಎಂದು ಕೇಳುವ ಚಿತ್ರ ಇನ್ನೂ ಬರಬೇಕು. ಒಂದೇ ಮನೆ ಇಬ್ಬರ ಬದುಕನ್ನೂ ಕಸಿದುಕೊಂಡಿರುವಾಗ, ಅವರಿಬ್ಬರೂ ಪರಸ್ಪರ ವೈರಿಗಳಾಗಬೇಕಾಗಿಲ್ಲ.

ಕಾನೂನು ನಿಧಾನವಾಗಿ ಈ ಕಡೆ ಕಣ್ಣು ತೆರೆದಿದೆ. 2014ರಲ್ಲಿ ಸುಪ್ರೀಂ ಕೋರ್ಟ್ ನಮ್ಮನ್ನು ಸಮಾನ ನಾಗರಿಕರೆಂದು ಹೇಳಿತು. ಮನೆಯಿಂದ ಬಲವಂತವಾಗಿ ಹೊರಹಾಕುವುದನ್ನು 2019ರ ಕಾಯಿದೆ ಅಪರಾಧವೆಂದು ಬರೆಯಿತು. 2025ರ ಜೂನ್‌ನಲ್ಲಿ ಆಂಧ್ರಪ್ರದೇಶ ಹೈಕೋರ್ಟಿನ ತೀರ್ಪೊಂದು ಬಂತು. ಗಂಡಸನ್ನು ಮದುವೆಯಾದ ಟ್ರಾನ್ಸ್ ಮಹಿಳೆಯೂ 498ಎ ಅಡಿಯಲ್ಲಿ ಗಂಡ ಮತ್ತು ಅವನ ಮನೆಯವರ ಕ್ರೌರ್ಯದ ವಿರುದ್ಧ ದೂರು ಕೊಡಬಹುದು, ಹೆರುವ ಶಕ್ತಿ ಇಲ್ಲವೆಂಬ ಕಾರಣಕ್ಕೆ ಅವಳು ಹೆಂಗಸಲ್ಲ ಎನ್ನುವಂತಿಲ್ಲ ಎಂದು ಕೋರ್ಟ್ ಹೇಳಿತು. ಆದರೆ ಆ ದೂರಿನಲ್ಲಿ ಸ್ಪಷ್ಟ ವಿವರಗಳಿಲ್ಲವೆಂದು ಪ್ರಕರಣವನ್ನೇ ರದ್ದು ಮಾಡಿತು. ಯಾವ ದಿನ ಏನಾಯಿತು, ಯಾರು ಏನು ಕೇಳಿದರು ಎಂದು ಬರೆದಿಡಿ ಎಂದು ನೀವು ನೊಂದ ಹೆಣ್ಣುಮಕ್ಕಳಿಗೆ ಹೇಳುತ್ತೀರಲ್ಲ, ಅದನ್ನೇ ನಮ್ಮವರಿಗೂ ಹೇಳಿಕೊಡಿ. ಹೆರಲಿಲ್ಲವೆಂದು ಮಾತು ಕೇಳಿದ ಎಲ್ಲ ಹೆಂಗಸರಿಗೂ ಆ ತೀರ್ಪಿನಲ್ಲಿ ಒಂದು ಧೈರ್ಯವಿದೆ.

ನಿಮ್ಮ ಸಂಘದಲ್ಲಿ ಒಂದು ಸಂಜೆ ಇಂಥ ಚಿತ್ರವನ್ನು ತೋರಿಸಿ. 'ತಮನ್ನಾ' ಇರಲಿ, 'ನಾನು ಅವನಲ್ಲ ಅವಳು' ಇರಲಿ. ನಿಮ್ಮೂರಿನಲ್ಲಿರುವ ನಮ್ಮಂಥವರನ್ನೂ ಕರೆದು ಜೊತೆಯಲ್ಲಿ ಕೂರಿಸಿಕೊಳ್ಳಿ. ಆಮೇಲೆ ಒಟ್ಟಿಗೆ ಚರ್ಚೆ ಮಾಡಿ. ಯಾವಾಗ ನಕ್ಕೆವು, ಯಾರನ್ನು ನೋಡಿ ನಕ್ಕೆವು? ಈ ಪಾತ್ರಕ್ಕೆ ತಾಯಿ ಇದ್ದಾಳೆಯೇ, ಅವಳು ಎಲ್ಲಿ ಹೋದಳು? ಹೊಟ್ಟೆಪಾಡಿಗೆ ಬೇರೆ ದಾರಿ ಇತ್ತೇ? ಕೊನೆಯಲ್ಲಿ ಅವಳು ಬದುಕಿದ್ದಾಳೆಯೇ? ಈ ಪ್ರಶ್ನೆಗಳಿಗೆ ಓದು ಬರಹ ಬೇಕಾಗಿಲ್ಲ.

ಇನ್ನೊಂದು ಕೋರಿಕೆ. ಯಾವಳೋ ತಾಯಿ ವಾರದ ಸಭೆ ಮುಗಿದ ಮೇಲೆ ಹಿಂದೆ ಉಳಿದು, ನನ್ನ ಮಗ ಹೆಣ್ಣಿನಂತೆ ಇರುತ್ತಾನೆ, ಅವರಪ್ಪ ದಿನಾ ಹೊಡೆಯುತ್ತಾರೆ ಎಂದು ಹೇಳಿಕೊಳ್ಳಬಹುದು. ಮದುವೆ ಮಾಡು, ಸರಿಹೋಗುತ್ತಾನೆ ಎಂದು ದಯವಿಟ್ಟು ಹೇಳಬೇಡಿ. ಮೊದಲು ಆ ಏಟು ನಿಲ್ಲಿಸಿ. ಕುಡಿದು ಹೊಡೆಯುವ ಗಂಡನ ಬಾಗಿಲಿಗೆ ನೀವು ಹತ್ತು ಜನ ಒಟ್ಟಾಗಿ ಹೋಗುತ್ತೀರಲ್ಲ, ಹಾಗೆಯೇ ಆ ಮನೆಯ ಬಾಗಿಲಿಗೂ ಹೋಗಿ. ಆ ಮಗು ಶಾಲೆ ಬಿಡದಂತೆ ನೋಡಿಕೊಳ್ಳಿ. ಅಷ್ಟಾದರೆ ಬೀದಿಗೆ ಬರುವವಳು ಒಬ್ಬಳು ಕಡಿಮೆಯಾಗುತ್ತಾಳೆ, ಮೋಸದ ಮದುವೆಗೆ ಸಿಕ್ಕುವ ಹುಡುಗಿಯೂ ಒಬ್ಬಳು ಕಡಿಮೆಯಾಗುತ್ತಾಳೆ.