ಹಳೆಯ ಜೀಪು: ನಂಬಿಕೆ ಮತ್ತು ಖರ್ಚು

(ಸಂಘದ ಬೆಳ್ಳಿಹಬ್ಬದ ಎರಡನೆಯ ದಿನದ ರೈತಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಳ್ಳಿಹಬ್ಬ ಅಂದ ಮೇಲೆ ಸಹಕಾರ ತತ್ತ್ವದ ಬಗ್ಗೆ ಮಾತಾಡುವುದು ವಾಡಿಕೆ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಹಚ್ಚಿದ ದೀಪದ ವಿಷಯವನ್ನು ಬೆಳಗಿನ ಗೋಷ್ಠಿಯಲ್ಲಿ ನಮಗಿಂತ ಬಲ್ಲವರು ಹೇಳಿದ್ದಾರೆ. ನಮಗೆ ಕಾರ್ಯದರ್ಶಿಗಳು ಕೊಟ್ಟ ವಿಷಯ ಬೇರೆ. "ನೀವು ಮೂವತ್ತು ವರ್ಷದಿಂದ ಹಳೇ ಜೀಪು ಸಾಕ್ತಾ ಇದ್ದೀರಿ. ಸಂಘಕ್ಕೆ ಹಳೇ ಜೀಪಿನ ಮೇಲೆ ಸಾಲ ಕೇಳೋರು ಬರ್ತಾ ಇದ್ದಾರೆ. ಅದರ ಒಳಹೊರಗು ಇದ್ದದ್ದು ಇದ್ದ ಹಾಗೆ ಹೇಳಿಬಿಡಿ" ಅಂದರು. ನಾವು ಇಂಜಿನಿಯರರಲ್ಲ, ಮೆಕ್ಯಾನಿಕ್ಕೂ ಅಲ್ಲ. ಅಡಿಕೆ ಬೆಳೆಯುವವರು. ಗ್ರೀಸು ಮೆತ್ತಿದ ಕೈಯಿಂದ ಕಲಿತದ್ದನ್ನು ಮಾತ್ರ ಹೇಳುತ್ತೇವೆ.

ಮೊದಲು ಈ ಗಾಡಿ ಎಲ್ಲಿಂದ ಬಂತು ಅನ್ನುವುದನ್ನು ನೋಡೋಣ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ 1941ರಿಂದ ವಿಲ್ಲೀಸ್ ಮತ್ತು ಫೋರ್ಡ್ ಕಾರ್ಖಾನೆಗಳಲ್ಲಿ ಲಕ್ಷಗಟ್ಟಲೆ ಜೀಪು ತಯಾರಾದವು. ಯುದ್ಧ ಮುಗಿದ 1945ರಲ್ಲಿ ವಿಲ್ಲೀಸಿನವರು ರೈತರನ್ನು ಕಣ್ಣಮುಂದಿಟ್ಟುಕೊಂಡು 'ಸಿಜೆ' ಅಂತ ಹೊಸ ಮಾದರಿ ಹೊರತಂದರು. ಸಿಜೆ ಅಂದರೆ ಸಿವಿಲಿಯನ್ ಜೀಪು, ಅಂದರೆ ಜನಸಾಮಾನ್ಯರ ಜೀಪು. 1947ರಿಂದ ಮುಂಬಯಿಯಲ್ಲಿ ಮಹೀಂದ್ರಾದವರು ಬಿಡಿಭಾಗ ತರಿಸಿ ಜೋಡಿಸಲು ತೊಡಗಿದರು, ಆಮೇಲೆ ಇಲ್ಲೇ ತಯಾರಿಸಿದರು. ಪೆಟ್ರೋಲ್ ಹೋಗಿ ಡೀಸೆಲ್ ಬಂತು. ಎಂಎಂ 540, ಕಮಾಂಡರ್, ಮಾರ್ಷಲ್ ಎಂದು ಹೆಸರು ಬದಲಾದವು. 1985ರಲ್ಲಿ ಮಾರುತಿ ಜಿಪ್ಸಿ ಬಂತು. ಆದರೆ ಗಟ್ಟಿ ಚೌಕಟ್ಟಿನ ಚಾಸಿ, ಹಿಂದೆ ಮುಂದೆ ಬ್ಲೇಡ್ ಸೆಟ್ಟು, ಬೇಕಾದಾಗ ನಾಲ್ಕೂ ಗಾಲಿಗೆ ಬಲ ಕೊಡುವ ಗೇರು, ಇವು ಆವತ್ತಿನಿಂದ ಹಾಗೇ ನಡೆದು ಬಂದವು.

ಮಲೆನಾಡಿನಲ್ಲಿ ಇದು ಬೇರೂರಿದ್ದಕ್ಕೆ ಕಾರಣ ಹೇಳಬೇಕಾಗಿಲ್ಲ. ಮನೆಯಿಂದ ಟಾರು ರಸ್ತೆಗೆ ಬರಲು ಎರಡು ಹಳ್ಳ, ಒಂದು ಜಾರುವ ಏರು. ಮೇಲೆ ಗೊಬ್ಬರದ ಮೂಟೆ, ಕೆಳಗೆ ಕೆಸರು. ಇವತ್ತಿಗೂ ಕೊಡಚಾದ್ರಿಗೆ, ಕೊಡಗಿನ ಮಂದಲಪಟ್ಟಿಗೆ ಜನರನ್ನು ಹತ್ತಿಸುವುದು ಜೀಪುಗಳೇ.

ಹಳೇ ಜೀಪನ್ನು ಜನ ನಂಬುವುದು ಯಾಕೆ? ಅದು ಕೆಡುವುದಿಲ್ಲ ಅಂತ ಅಲ್ಲ. ಕೆಟ್ಟದ್ದು ಕಣ್ಣಿಗೆ ಕಾಣುತ್ತದೆ ಅಂತ. ಬಾನೆಟ್ ಎತ್ತಿದರೆ ಪಂಪು ಇಲ್ಲಿ, ಫಿಲ್ಟರು ಇಲ್ಲಿ, ಬೆಲ್ಟು ಇಲ್ಲಿ. ಹಳೇ ಡೀಸೆಲ್ ಇಂಜನ್ನುಗಳಲ್ಲಿ ಅನೇಕವು ಒಮ್ಮೆ ಹೊತ್ತಿಕೊಂಡರೆ ಬ್ಯಾಟರಿ ಸತ್ತರೂ ಓಡುತ್ತವೆ. ಇಳಿಜಾರಿನಲ್ಲಿ ನಿಲ್ಲಿಸಿದ್ದರೆ ತಳ್ಳಿ ಸ್ಟಾರ್ಟ್ ಮಾಡಬಹುದು. ಆದರೆ ಬಂಧುಗಳೇ, ರಿಪೇರಿ ಸುಲಭ ಅನ್ನುವುದೂ, ನಂಬಬಹುದು ಅನ್ನುವುದೂ ಒಂದೇ ಅಲ್ಲ. ಇದನ್ನು ನಾವು ಕಲಿತದ್ದು ಒಂದು ರಾತ್ರಿ.

2004ನೇ ಇಸವಿಯ ಆಷಾಢ. ಪಕ್ಕದ ಮನೆಯ ಸೊಸೆಗೆ ರಾತ್ರಿ ಹನ್ನೊಂದಕ್ಕೆ ಹೆರಿಗೆ ನೋವು. ಮಳೆ ಕೊಡದಲ್ಲಿ ಸುರಿದ ಹಾಗೆ. ಊರಿಗೆಲ್ಲ ಆಗ ನಮ್ಮದೊಂದೇ ಜೀಪು. ಹಾಸಿಗೆ ಹಾಸಿ, ಆಕೆಯನ್ನೂ ಅತ್ತೆಯನ್ನೂ ಕೂರಿಸಿಕೊಂಡು ಹೊರಟೆವು. ಎರಡನೇ ಹಳ್ಳ ದಾಟಿ ಏರು ಹತ್ತುವಾಗ ಟಪ್ ಅಂತ ಸದ್ದು. ಫ್ಯಾನ್ ಬೆಲ್ಟು ಹರಿದಿತ್ತು. ಅದೇ ಬೆಲ್ಟು ಫ್ಯಾನನ್ನೂ ನೀರಿನ ಪಂಪನ್ನೂ ತಿರುಗಿಸುತ್ತದೆ. ನೋಡ ನೋಡುತ್ತಿದ್ದಂತೆ ರೇಡಿಯೇಟರ್ ಕುದಿಯಿತು. ನೈಲಾನ್ ಹಗ್ಗ ಸುತ್ತಿ ನೋಡಿದೆವು, ಒಂದು ಫರ್ಲಾಂಗು ಹೋಯಿತು, ಬಿಚ್ಚಿಕೊಂಡಿತು. ಕೊನೆಗೆ ಒಬ್ಬರು ಕತ್ತಲಲ್ಲಿ ನಡೆದುಹೋಗಿ ಟ್ರ್ಯಾಕ್ಟರ್ ತಂದರು. ಅಷ್ಟು ಹೊತ್ತೂ ಆ ಹೆಣ್ಣುಮಗಳು ಟಾರ್ಪಾಲಿನ ಕೆಳಗೆ ನರಳುತ್ತಾ ಮಲಗಿದ್ದಳು. ದೇವರ ದಯೆ, ತಾಯಿ ಮಗು ಇಬ್ಬರೂ ಉಳಿದರು. ಆ ಮಗು ಈಗ ಕಾಲೇಜು ಮುಗಿಸಿದ್ದಾನೆ.

ಅದಕ್ಕೆ ಹದಿನೈದು ದಿನ ಮುಂಚೆ ಮೇಸ್ತ್ರಿ ಹೇಳಿದ್ದರು: "ಬೆಲ್ಟು ಬಿರುಕು ಬಿಟ್ಟಿದೆ ಗೌಡ್ರೇ, ಬದಲಾಯಿಸಿಬಿಡಿ." ನಾವು "ಅಡಿಕೆ ಕೊಯ್ಲಿಗೆ ನೋಡಣ ಬಿಡಿ" ಅಂದಿದ್ದೆವು. ಎಣಿಸಿದರೆ ಒಂದು ಹೊತ್ತಿನ ಸಂತೆ ಖರ್ಚೂ ಆಗದ ಸಾಮಾನು. ಆ ಮನೆಯ ಅತ್ತೆ ನಮ್ಮನ್ನು ಬೈಯಲಿಲ್ಲ. ಒಂದೇ ಮಾತು ಹೇಳಿದರು: "ನಿಮ್ ಜೀಪಿದೆ ಅಂತ ನಾವು ಧೈರ್ಯವಾಗಿದ್ವಿ." ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅವತ್ತಿನಿಂದ ನಮ್ಮ ಮನೆಯಲ್ಲಿ ಜೀಪಿಗೊಂದು ಪುಸ್ತಕ ಇದೆ. ಏನು ಹಾಕಿಸಿದೆವು, ಯಾವಾಗ, ಎಷ್ಟು ಕೊಟ್ಟೆವು, ಎಲ್ಲ ಅದರಲ್ಲಿದೆ. ಆ ಪುಸ್ತಕ ತಿರುವಿದರೆ ನಮ್ಮ ಕಡೆಯ ಜೀಪಿನ ಶತ್ರುಗಳು ಯಾರು ಅಂತ ಗೊತ್ತಾಗುತ್ತದೆ.

ಮೊದಲನೆಯದು ನೀರು. ಓಡಿ ಬಿಸಿಯಾದ ಆಕ್ಸಲ್ ಒಮ್ಮೆಲೇ ತಣ್ಣನೆಯ ಹಳ್ಳಕ್ಕಿಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಉಸಿರಾಡುವ ಸಣ್ಣ ತೂತು ಮಣ್ಣು ಕಟ್ಟಿದ್ದರೆ, ಸೀಲು ಸವೆದಿದ್ದರೆ, ಅದು ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಮಳೆಗಾಲ ಮುಗಿದ ಮೇಲೆ ಹೌಸಿಂಗ್ ಎಣ್ಣೆ ಬಿಚ್ಚಿ ನೋಡಿ. ಹಾಲು ಹಾಕಿದ ಕಾಫಿಯ ಬಣ್ಣ ಇದ್ದರೆ ನೀರು ಸೇರಿದೆ ಅಂತ ಅರ್ಥ. ಎಣ್ಣೆ ಬದಲಾಯಿಸುವ ಖರ್ಚು ಸಣ್ಣದು, ಒಳಗಿನ ಹಲ್ಲುಗಾಲಿ ಮತ್ತು ಬೇರಿಂಗು ಹಾಕಿಸುವ ಖರ್ಚು ದೊಡ್ಡದು. ಬ್ರೇಕ್ ಎಣ್ಣೆಯೂ ಗಾಳಿಯಲ್ಲಿರುವ ತೇವವನ್ನು ಕುಡಿಯುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ತೆಗೆದು ಹೊಸದು ತುಂಬಬೇಕು. ಹಳ್ಳ ದಾಟಿದ ಕೂಡಲೇ ನಾಲ್ಕಾರು ಸಲ ಮೆಲ್ಲಗೆ ಬ್ರೇಕ್ ಒತ್ತಿ ಡ್ರಮ್ಮು ಒಣಗಿಸಿಕೊಳ್ಳಿ, ಆಮೇಲೆ ಇಳಿಜಾರು ಹಿಡಿಯಿರಿ.

ಎರಡನೆಯದು ನಾವೇ ಹೇರುವ ಸಾಮಾನು. ಮೈಲುತುತ್ತದ ನೀರಿನಲ್ಲಿ ಕಬ್ಬಿಣದ ಮೊಳೆ ಅದ್ದಿದರೆ ಅದು ತಾಮ್ರದ ಬಣ್ಣಕ್ಕೆ ತಿರುಗುತ್ತದೆ ಅಂತ ನಮ್ಮ ಮಕ್ಕಳು ಹೈಸ್ಕೂಲಿನಲ್ಲಿ ಪ್ರಯೋಗ ಮಾಡುತ್ತಾರೆ. ತಾಮ್ರ ಮೇಲೆ ಕೂರುತ್ತದೆ, ಕಬ್ಬಿಣ ಕರಗುತ್ತದೆ. ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಸಾಗಿಸುವಾಗ ಚೆಲ್ಲಿದರೆ ಜೀಪಿನ ತಳಕ್ಕೂ ಅದೇ ಗತಿ. ಪೊಟ್ಯಾಷ್ ಗೊಬ್ಬರವೂ ಒಂದು ಉಪ್ಪೇ, ತೇವ ಸಿಕ್ಕರೆ ತಗಡು ತಿನ್ನುತ್ತದೆ. ಇದೇ ಸಂಘದ ಗೋದಾಮಿನಿಂದ ಒಯ್ಯುವ ಮೂಟೆಗಳು ಅವು. ಕೆಳಗೊಂದು ಪ್ಲಾಸ್ಟಿಕ್ ಹಾಳೆ ಹಾಸಿ, ಮನೆಗೆ ಹೋದ ಮೇಲೆ ತೊಳೆಯಿರಿ. ಇಂಜನ್ ಮತ್ತೆ ಕಟ್ಟಬಹುದು. ತುಕ್ಕು ತಿಂದ ಚಾಸಿಗೆ ತೇಪೆ ಹಾಕುತ್ತಾ ಹೋದರೆ ಅದಕ್ಕೆ ಕೊನೆಯೇ ಇಲ್ಲ.

ಮೂರನೆಯದು ನಮ್ಮ ತಿಳುವಳಿಕೆಯ ಕೊರತೆ. ಟಾರು ರಸ್ತೆಯಲ್ಲಿ ಫೋರ್‌ವೀಲ್ ಹಾಕಿಕೊಂಡು ಓಡಿಸುವವರಿದ್ದಾರೆ. ತಿರುವಿನಲ್ಲಿ ಮುಂದಿನ ಗಾಲಿ ಹಿಂದಿನದಕ್ಕಿಂತ ಹೆಚ್ಚು ದೂರ ಉರುಳಬೇಕು. ಹಳೇ ಜೀಪಿನಲ್ಲಿ ಆ ವ್ಯತ್ಯಾಸ ಸರಿದೂಗಿಸುವ ವ್ಯವಸ್ಥೆ ನಡುವೆ ಇಲ್ಲ. ಕೆಸರಿನಲ್ಲಾದರೆ ಗಾಲಿ ಜಾರಿ ಸರಿಹೋಗುತ್ತದೆ. ಗಟ್ಟಿ ನೆಲದಲ್ಲಿ ಆ ಬಿಗಿತವೆಲ್ಲ ಗೇರಿಗೂ ಕ್ರಾಸಿಗೂ ಬೀಳುತ್ತದೆ. ಮುಂದೆ ಒಂದು ಅಳತೆ, ಹಿಂದೆ ಇನ್ನೊಂದು ಅಳತೆಯ ಟೈರು ಹಾಕಿ ಫೋರ್‌ವೀಲ್ ಬಳಸಿದರೂ ಇದೇ ಕಥೆ.

ಪೆಟ್ರೋಲ್ ಜೀಪು, ಜಿಪ್ಸಿ ಇಟ್ಟುಕೊಂಡವರು ಇನ್ನೊಂದು ಗಮನಿಸಬೇಕು. 2025ರ ಹೊತ್ತಿಗೆ ಬಂಕುಗಳಲ್ಲಿ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲ್ ಬಂದಿದೆ. ಹಳೇ ಗಾಡಿಯ ರಬ್ಬರ್ ಪೈಪು, ವಾಷರು, ಗ್ಯಾಸ್ಕೆಟ್‌ಗಳನ್ನು ಅದಕ್ಕಾಗಿ ಮಾಡಿದ್ದಲ್ಲ. ತಿಂಗಳಿಗೊಮ್ಮೆ ಬಾನೆಟ್ ಎತ್ತಿ ಪೈಪು ಮುಟ್ಟಿ ನೋಡಿ, ಮೂಸಿ ನೋಡಿ. ಸೋರಿದರೆ ಬೆಂಕಿಯ ಅಪಾಯ.

ಇನ್ನು ಲೆಕ್ಕಕ್ಕೆ ಬರೋಣ. ಹಳೇ ಜೀಪು ಕೊಳ್ಳುವವರು ಎಲ್ಲರೂ ಮೊದಲು ಕೇಳುವುದು "ಎಷ್ಟು ಮೈಲೇಜು ಕೊಡ್ತದೆ?" ಅಂತ. ವರ್ಷಕ್ಕೆ 4,000 ಕಿಲೋಮೀಟರ್ ಓಡುವ ತೋಟದ ಜೀಪು ಲೀಟರಿಗೆ 10 ಕಿಲೋಮೀಟರ್ ಕೊಟ್ಟರೆ 400 ಲೀಟರ್ ಬೇಕು. 8 ಕೊಟ್ಟರೆ 500 ಲೀಟರ್. ವ್ಯತ್ಯಾಸ ನೂರು ಲೀಟರು. ವರ್ಷಕ್ಕೆ 30,000 ಕಿಲೋಮೀಟರ್ ಬಾಡಿಗೆ ಓಡಿಸುವವರಿಗೆ ಅದೇ ವ್ಯತ್ಯಾಸ 750 ಲೀಟರು. ಅಂದರೆ ತೋಟದವನಿಗೆ ಹೊಂದುವ ಜೀಪು ಬಾಡಿಗೆಯವನಿಗೆ ಹೊಂದಲಾರದು. ಗಾಡಿ ಒಂದೇ, ಕೆಲಸ ಬೇರೆ, ಲೆಕ್ಕವೂ ಬೇರೆ.

ನಾವು ಖರ್ಚನ್ನು ನಾಲ್ಕು ಭಾಗ ಮಾಡುತ್ತೇವೆ. ಒಂದು, ಓಡಿದರೆ ಬರುವ ಖರ್ಚು: ಡೀಸೆಲ್, ಎಣ್ಣೆ, ಟೈರು. ಎರಡು, ಓಡದಿದ್ದರೂ ಬರುವ ಖರ್ಚು: ವಿಮೆ, ಹೊಗೆ ತಪಾಸಣೆ, ನೋಂದಣಿ. ಮೂರು, ತಿಳಿದು ಮಾಡುವ ಖರ್ಚು: ಬೆಲ್ಟು, ಹೋಸು, ಗ್ರೀಸು, ಬ್ರೇಕ್ ಲೈನರು. ನಾಲ್ಕು, ತಿಳಿಯದೆ ಬಂದು ಎರಗುವ ಖರ್ಚು: ಇಂಜನ್ ಬಿಚ್ಚಿಸುವುದು, ಗೇರ್‌ಬಾಕ್ಸ್ ಇಳಿಸುವುದು. ಮೂರನೆಯದರಲ್ಲಿ ಉಳಿಸಲು ಹೋದಷ್ಟೂ ನಾಲ್ಕನೆಯದು ಬೆಳೆಯುತ್ತದೆ. ಇದು ನಮ್ಮ ಪುಸ್ತಕ ಹೇಳಿದ ಮಾತು.

ಎರಡನೆಯದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಸ್ವಂತದ ಗಾಡಿಗೆ ನೋಂದಣಿ 15 ವರ್ಷ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್ 1ರಿಂದ ಜೀಪು, ಕಾರುಗಳ ನವೀಕರಣ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದವಕ್ಕೆ ಅದನ್ನು 10,000 ರೂಪಾಯಿ ಮಾಡಿದರು. ಕೆಲವರು "ನಮ್ಮದು ವಿಂಟೇಜ್ ಮಾಡಿಸ್ತೇವೆ" ಅನ್ನುತ್ತಾರೆ. 2021ರ ನಿಯಮದಂತೆ 50 ವರ್ಷ ದಾಟಿದ ಗಾಡಿಗೆ ಆ ಅವಕಾಶ ಇದೆ. ಆದರೆ ಅದನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಮೆರವಣಿಗೆಗೆ ಸೈ, ಗೊಬ್ಬರ ಹೇರುವ ಹಾಗಿಲ್ಲ.

ಕೊಳ್ಳುವಾಗ ಬಣ್ಣ ನೋಡಬೇಡಿ, ಕೆಳಗೆ ಮಲಗಿ ಚಾಸಿ ನೋಡಿ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ಕಬ್ಬಿಣದ ಸದ್ದು ಬೇರೆ, ತುಕ್ಕಿನ ಸದ್ದು ಬೇರೆ. ಚಾಸಿ ನಂಬರು, ಇಂಜನ್ ನಂಬರು ಎರಡನ್ನೂ ಆರ್‌ಸಿ ಪುಸ್ತಕದ ಜೊತೆ ತಾಳೆ ನೋಡಿ. ಹಳೇ ಪೆಟ್ರೋಲ್ ಜೀಪಿಗೆ ಡೀಸೆಲ್ ಇಂಜನ್ ಕೂರಿಸಿದ್ದು ಬಹಳ ಇವೆ. ಅದು ಆರ್‌ಸಿಯಲ್ಲಿ ನಮೂದಾಗಿರಬೇಕು. ಇಲ್ಲದಿದ್ದರೆ ನವೀಕರಣದ ದಿನವೋ, ಅಪಘಾತವಾಗಿ ವಿಮೆ ಕೇಳುವ ದಿನವೋ ತೊಂದರೆ ಕಟ್ಟಿಟ್ಟದ್ದು.

ಒಂದು ಮಾತು ಮುಚ್ಚಿಡಬಾರದು. ಹಳೇ ಜೀಪು ಹಳ್ಳ ದಾಟಿಸುತ್ತದೆ, ಆದರೆ ಹೆದ್ದಾರಿಗೆ ಅದು ಹೊಸ ಕಾರಿನ ಸಮ ಅಲ್ಲ. ಗಾಳಿಚೀಲ ಇಲ್ಲ, ಹಿಂದಿನ ಸೀಟಿಗೆ ಬೆಲ್ಟಿಲ್ಲ, ಬ್ರೇಕು ನಿಧಾನ, ಮೈ ಎತ್ತರ. ಮದುವೆ ದಿಬ್ಬಣ ಅಂತ ಹದಿನೈದು ಜನ ತುಂಬಿಕೊಂಡು ಘಾಟಿ ಇಳಿಯುವುದನ್ನು ಸಾಹಸ ಅಂತ ಕರೆಯಬೇಡಿ.

ಕೊನೆಗೆ ಸಂಘಕ್ಕೆ ನಮ್ಮ ಎರಡು ವಿನಂತಿ. ಹಳೇ ಜೀಪಿಗೆ ಸಾಲ ಕೊಡುವಾಗ ಕೊಳ್ಳುವ ಬೆಲೆ ಒಂದನ್ನೇ ನೋಡಬೇಡಿ. ಮೇಸ್ತ್ರಿಯೊಬ್ಬರ ಕೈಲಿ ಗಾಡಿ ತೋರಿಸಿ ಬರೆಸಿಕೊಂಡು, ಮೊದಲ ವರ್ಷದ ರಿಪೇರಿಗೂ ಹಣ ಸೇರಿಸಿ ಅಂದಾಜು ಮಾಡಿ. ಗಾಡಿ ಶೆಡ್ಡಿನಲ್ಲಿ ನಿಂತರೂ ಕಂತು ನಿಲ್ಲುವುದಿಲ್ಲ. ಎರಡನೆಯದು, ಗೋದಾಮಿನ ಒಂದು ಮೂಲೆಯಲ್ಲಿ ಒಂದು ಪೆಟ್ಟಿಗೆ ಇಡೋಣ. ನಮ್ಮೂರಿನ ಜೀಪುಗಳಿಗೆ ಆಗುವ ಬೆಲ್ಟು, ಹೋಸು, ಕ್ಲಿಪ್ಪು, ಬಲ್ಬು, ಫ್ಯೂಸು, ಬ್ಯಾಟರಿಗೆ ಕೊಡುವ ವೈರು, ಎಳೆಯುವ ಸರಪಳಿ. ಬೀಗದ ಕೈ ಹತ್ತಿರದ ಮನೆಯಲ್ಲಿರಲಿ. ರಾತ್ರಿ ಬೇಕಾದವರು ತೆಗೆದುಕೊಂಡು ಪುಸ್ತಕದಲ್ಲಿ ಬರೆದು, ಬೆಳಿಗ್ಗೆ ಹಣ ಕಟ್ಟಲಿ. ಮೊದಲ ಪೆಟ್ಟಿಗೆಯ ಬೆಲ್ಟುಗಳನ್ನು ನಮ್ಮ ಮನೆಯಿಂದ ಕೊಡುತ್ತೇವೆ. ಯಾಕೆ ಅಂತ ನಿಮಗೆ ಗೊತ್ತು.

ಬೆಂಗಳೂರಿನಲ್ಲಿರುವ ಮಗ ಈ ವರ್ಷ ಹೇಳಿದ: "ನೋಂದಣಿಗೆ ಅಷ್ಟು ಕಟ್ಟೋ ಬದಲು ಗುಜರಿಗೆ ಹಾಕಿ ಅಪ್ಪಯ್ಯ." ಅವನ ಮಾತಿನಲ್ಲೂ ಲೆಕ್ಕ ಇದೆ. ನಾವು ಜೀಪಿನ ಕೆಳಗೆ ಮಲಗಿ ಚಾಸಿ ತಟ್ಟಿ ನೋಡಿದೆವು. ಇನ್ನೂ ಗಟ್ಟಿ ಇದೆ. ಐದು ವರ್ಷಕ್ಕೆ ಹಣ ಕಟ್ಟಿದೆವು. ಆ ಸದ್ದು ಬದಲಾದ ದಿನ ಕೊಟ್ಟುಬಿಡುತ್ತೇವೆ ಅಂತ ಮಗನಿಗೂ ಹೇಳಿದ್ದೇವೆ. ಅಲ್ಲಿಯವರೆಗೆ ಊರಿನವರು "ಅವರ ಜೀಪಿದೆ" ಅಂತ ಧೈರ್ಯವಾಗಿದ್ದರೆ, ಆ ಧೈರ್ಯಕ್ಕೆ ತಕ್ಕ ಹಾಗೆ ಅದನ್ನು ಇಟ್ಟುಕೊಳ್ಳುವುದು ನಮ್ಮ ಕರ್ತವ್ಯ.



ಜೈ ಸಹಕಾರ. ಜೈ ಕರ್ನಾಟಕ.